ಪೆಟ್ಟಿಗೆಯೊಳಗಿನ ನೀಲಿ

ಒಂದು ಊರಿತ್ತು. ಊರ ಹೊರಗೆ ಒಂದು ಗವಿ, ಗವಿಯೊಳಗೆ ಒಂದು ಕೊಪ್ಪರಿಗೆ, ಕೊಪ್ಪರಿಗೆಯ ಮೇಲೆ ಒಂದು ಹಾವು. ಅದು ಹುಟ್ಟು ಹಾವಲ್ಲ. ಮೊದಲು ಮನುಷ್ಯನೇ ಆಗಿತ್ತು, ಅರಸನ ಭಂಡಾರದ ಕಾವಲುಗಾರ. ಅರಸ ದಂಡೆತ್ತಿ ಹೋಗುವಾಗ ಅವನನ್ನು ಕರೆದು, 'ಇದು ಮಂದಿಯ ಸೊತ್ತು. ನಾ ಬರೂತನಕಾ ಒಂದು ಹರಳೂ ಕಡಿಮಿ ಆಗಬಾರದು' ಎಂದು ಹೇಳಿ ಹೋದ. ಹೋದವನು ತಿರುಗಿ ಬರಲಿಲ್ಲ. ಕಾವಲುಗಾರ ದಿನಾ ಹರಳು ಎಣಿಸಿದ. ಎಣಿಸಿ ಎಣಿಸಿ ಎದ್ದು ಓಡಾಡುವುದನ್ನು ಮರೆತ, ಕಾಲು ಕರಗಿದವು. ಕೈ ಚಾಚಿ ಕೊಡುವುದನ್ನು ಮರೆತ, ಕೈ ಕರಗಿದವು. ಒಂದು ದಿನ ಒಬ್ಬ ಹುಡುಗಿ ಗವಿಯ ಬಾಯಿಗೆ ಬಂದು, 'ನನಗೇನೂ ಬ್ಯಾಡಪಾ, ಒಮ್ಮೆ ನೋಡಿ ಹೋಗ್ತೀನಿ' ಅಂದಳು. ಹಾವು, 'ನಾಡದು ಬಾ' ಅಂದಿತು.

ನಮ್ಮಜ್ಜಿ ಕಾಶೀಬಾಯಿ ಹೂಬತ್ತಿ ಹೊಸೆಯುತ್ತ ಈ ಕಥೆ ಹೇಳುತ್ತಿದ್ದಳು. ಮಾತಿಗೊಮ್ಮೆ ನಾನು 'ಹ್ಞೂಂ' ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲೇ ಕುಂತುಬಿಡುತ್ತಿತ್ತು. 'ನಾಡದು ಬಾ' ಅನ್ನುವಲ್ಲಿಗೆ ಬಂದಾಗ ಮಾತ್ರ ನಾನು ಎಷ್ಟು ಹ್ಞೂಂಗುಟ್ಟಿದರೂ ಅವಳು ಮುಂದೆ ಹೋಗುತ್ತಿರಲಿಲ್ಲ. 'ನಮ್ಮವ್ವ ಇಷ್ಟ ಹೇಳ್ಯಾಳವಾ. ಮುಂದಿಂದು ನನಗೆಲ್ಲಿ ಗೊತ್ತದ' ಎಂದು ಹತ್ತಿಯ ಬುಟ್ಟಿ ಮುಚ್ಚಿಬಿಡುತ್ತಿದ್ದಳು.

ಆ ಹಾವನ್ನು ನಾನು ಕಣ್ಣಾರೆ ಕಂಡದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಬ್ಯಾಡಗಿಯಿಂದ ಮೂರು ಮೈಲು ಆಚೆಯ ಒಂದು ಹಳ್ಳಿಯ ಸಾಲಿಯಲ್ಲಿ.

ಸಾವಿರದ ಒಂಬೈನೂರಾ ಎಂಬತ್ತೆಂಟರ ಕೊನೆ ಅದು. ದಿಲ್ಲಿಯಿಂದ ಹೊಸ ಯೋಜನೆಯೊಂದು ಹೊರಟಿತ್ತು. ಒಬ್ಬರೇ ಮಾಸ್ತರು ಇರುವ ಸಾಲಿಗೆ ಇನ್ನೊಬ್ಬರನ್ನು ಕೊಡಬೇಕು, ಆದಷ್ಟು ಮಟ್ಟಿಗೆ ಹೆಣ್ಣುಮಗಳನ್ನೇ ಕೊಡಬೇಕು. ಒಂದೇ ಕೋಣೆ ಇದ್ದಲ್ಲಿ ಎರಡನೆಯದು ಕಟ್ಟಿಸಬೇಕು. ಮಕ್ಕಳು ಮುಟ್ಟಿ ನೋಡಿ ಕಲಿಯಲೆಂದು ಸಾಮಾನು ತುಂಬಿದ ಒಂದು ಪೆಟ್ಟಿಗೆ ಕಳಿಸಬೇಕು. ಕರಿಹಲಗೆಯ ಯೋಜನೆ ಎಂದು ಎಲ್ಲರೂ ಕರೆಯುತ್ತಿದ್ದರು. ಹೀಗೆ ನಾನೂ ಪೆಟ್ಟಿಗೆಯೂ ಒಂದೇ ವಾರದಲ್ಲಿ ಆ ಸಾಲಿಗೆ ಬಂದೆವು. ನಾನು ಹಾವೇರಿಯಿಂದ ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ಬಂದು ಬ್ಯಾಡಗಿ ಸ್ಟೇಷನ್ನಿನಿಂದ ನಡೆದು ಹೋದೆ. ಪೆಟ್ಟಿಗೆ ಟ್ರ್ಯಾಕ್ಟರಿನಲ್ಲಿ ಬಂತು.

ಹೆಡ್‌ಮಾಸ್ತರು ಕರಬಸಪ್ಪನವರು ಹತ್ತೊಂಬತ್ತು ವರ್ಷದಿಂದ ಆ ಸಾಲಿಯನ್ನು ಒಬ್ಬರೇ ಎಳೆದವರು. ಒಂದನೇ ಇಯತ್ತೆಯವರಿಗೆ ಅಕ್ಷರ ತಿದ್ದಿಸುತ್ತಲೇ ನಾಲ್ಕನೇ ಇಯತ್ತೆಯವರಿಂದ ಮಗ್ಗಿ ಹೇಳಿಸುವ, ಮಧ್ಯೆ ಮಧ್ಯೆ ಕಿಡಕಿಯಿಂದ ಹೊರಗಿನ ಎಮ್ಮೆ ಬೆದರಿಸುವ ವಿದ್ಯೆ ಅವರಿಗೆ ಗೊತ್ತಿತ್ತು. ನನ್ನನ್ನು ನೋಡಿ ನಕ್ಕರು.

'ಸರಕಾರ ಎರಡು ಸಾಮಾನು ಕಳಿಸೇತಿ ನೋಡ್ರಿ ಬಾಯಾರ. ಒಂದಕ್ಕ ಕೀಲಿ ಐತಿ. ಇನ್ನೊಂದು ಮಾತಾಡ್ತೈತಿ.'

ಪೆಟ್ಟಿಗೆ ತೆರೆದು ಯಾದಿ ಹಿಡಿದು ಒಂದೊಂದೇ ಸಾಮಾನಿಗೆ ಗುರುತು ಹಾಕಿದೆವು. ಭೂತಗನ್ನಡಿ, ಅಯಸ್ಕಾಂತ, ತಕ್ಕಡಿ, ಢೋಲಕ, ಮಣಿಚೌಕಟ್ಟು, ನಕಾಶೆಗಳು. ಎಲ್ಲಕ್ಕೂ ಕೆಳಗೆ ಹುಲ್ಲಿನಲ್ಲಿ ಸುತ್ತಿದ ಗ್ಲೋಬು. ರಟ್ಟಿನ ಗುಂಡಿಗೆ ಕಾಗದ ಅಂಟಿಸಿದ್ದು, ಆದರೆ ಅದರ ನೀಲಿ! ಅಷ್ಟು ನೀಲಿ ನಾನು ತುಂಗಭದ್ರೆಯಲ್ಲೂ ಕಂಡಿರಲಿಲ್ಲ. ಬೆರಳು ಚಾಚಿದೆ.

'ಬ್ಯಾಡ್ರಿ' ಅಂದರು ಮಾಸ್ತರು. ಎಲ್ಲವನ್ನೂ ಮತ್ತೆ ಒಳಗಿಟ್ಟು ಕೀಲಿ ಹಾಕಿ, ಆ ಕೀಲಿಯನ್ನು ಕೊರಳಿನ ಶಿವದಾರಕ್ಕೆ ಕಟ್ಟಿಕೊಂಡರು.

ಅವರು ಕೆಟ್ಟವರಲ್ಲ. ಹಿಂದೊಮ್ಮೆ ಸಾಲಿಯ ಗೋಡೆ ಗಡಿಯಾರ ಕಳುವಾಗಿ, ಅವರು ಏಳು ವರ್ಷ ವಿಚಾರಣೆಗೆಂದು ಧಾರವಾಡಕ್ಕೆ ಅಲೆದಿದ್ದರಂತೆ. ಈಗ ಮುಂದಿನ ಅಕ್ಟೋಬರಿಗೆ ರಿಟೈರ್ ಆಗುವವರು. ಚಾರ್ಜು ಕೊಡುವ ದಿನ ಯಾದಿಯಲ್ಲಿ ಇದ್ದಷ್ಟೂ ಪೆಟ್ಟಿಗೆಯಲ್ಲಿರಬೇಕು, ಇಲ್ಲವಾದರೆ ಪೆನ್ಶನ್ನಿನ ಕಾಗದ ಮುಂದಕ್ಕೆ ಸರಿಯುವುದಿಲ್ಲ. 'ಹುಡುಗರ ಕೈಯಾಗ ಕೊಟ್ಟರ ಒಂದ ದಿನಕ್ಕ ಒಡೀತಾವ. ಆಮ್ಯಾಲ ಏನ ಬರದ ಕೊಡ್ಲಿ ನಾ? ಮಕ್ಕಳು ಕಲತರು, ಅದಕ್ಕ ಒಡೀತು ಅಂತ ಬರೀಲೇನು?'

ಜೂನ್ ತಿಂಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಹೆಸರು ಹಚ್ಚಬೇಕೆಂದು ಆರ್ಡರು ಬಂತು. ಹಳ್ಳಿಯ ಕಡೆಯ ಓಣಿಯಲ್ಲಿ ಫಕ್ಕೀರವ್ವ ಎಂಬಾಕೆ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಪಕ್ಕದಲ್ಲಿ ಅವಳ ಮಗಳು ಮೈಲವ್ವ, ಒಂಬತ್ತೋ ಹತ್ತೋ ವರ್ಷ, ಅವ್ವನಿಗಿಂತ ಲಗೂನೇ ಮುರಿಯುತ್ತಿದ್ದಳು.

'ಸಾಲಿಗೆ ಬಂದ್ರ ಏನ ಕೊಡ್ತೀರಿ?' ಎಂದು ಕೇಳಿದವಳು ಹುಡುಗಿಯೇ.

ಕಥೆ ಕೇಳಿ ಬೆಳೆದವಳ ನಾಲಿಗೆ ನನ್ನದು, ಸುಮ್ಮನಿರಲಿಲ್ಲ. 'ನಮ್ಮ ಸಾಲಿಯೊಳಗೊಂದು ಪೆಟ್ಟಿಗಿ ಅದ. ಪೆಟ್ಟಿಗಿಯೊಳಗ ಒಂದು ಗುಂಡದ. ಗುಂಡಿನ ಮ್ಯಾಲ ಇಡೀ ಭೂಮಿ ಅದ, ಏಳೂ ಸಮುದ್ರ ಅವ. ಬೆರಳಿಂದ ಮುಟ್ಟಿದರ ಗಿರ್ರನೆ ತಿರಗ್ತದ.'

'ನಾ ಮುಟ್ಟಬೌದೇನು?'

'ನಿನ್ನ ಕೈಯಾಗ ಕೊಡ್ತೀನಿ. ನೀನ ತಿರಗಸು.'

'ಆಣಿ ಮಾಡ್ರಿ.'

ಆಣೆ ಮಾಡಿದೆ. ಫಕ್ಕೀರವ್ವ ತೊಟ್ಟು ಮುರಿಯುವುದನ್ನು ನಿಲ್ಲಿಸದೆ ಅಂದಳು: 'ಕ್ರಾಸಿಂಗ್ ಸುರು ಆಗೂತನಕಾ ಕಳಸ್ತೇನ್ರಿ ಅಕ್ಕೋರ. ಅಷ್ಟರೊಳಗ ನಿಮ್ಮ ಸಾಲಿ ಆಕಿನ್ನ ಹಿಡಕೊಂಡ್ರ ಹಿಡಕೊಳ್ಳಲಿ, ನಾ ಬ್ಯಾಡನ್ನೂದಿಲ್ಲ. ಹಿಡೀಲಿಲ್ಲಂದ್ರ ಗುಡದಪ್ಪನ ಸಂಗಾಟ ರಾಣಿಬೆನ್ನೂರಿಗೆ ಹೋಗ್ತಾಳ.'

ಕ್ರಾಸಿಂಗ್ ಅಂದರೆ ಬೀಜದ ಹತ್ತಿಯ ಕೆಲಸ. ರಾಣಿಬೆನ್ನೂರಿನ ಸುತ್ತ ಆಗ ಹೈಬ್ರಿಡ್ ಬೀಜದ ಹೊಲಗಳು ಎದ್ದಿದ್ದವು. ನಾಳೆ ಅರಳುವ ಹತ್ತಿ ಮೊಗ್ಗನ್ನು ಇವತ್ತೇ ಉಗುರಿನಿಂದ ಸುಲಿದು, ಒಳಗಿನ ಪರಾಗದ ಹುಡಿ ತೆಗೆದು, ಕೆಂಪು ಚೀಟಿ ಸುತ್ತಬೇಕು. ಮರುದಿನ ಮುಂಜಾನೆ ಬೇರೆ ಗಿಡದ ಹೂವಿನ ಹುಡಿ ತಂದು ಅದಕ್ಕೆ ಸವರಬೇಕು. ದೊಡ್ಡವರ ಬೆರಳಿಗೆ ಮೊಗ್ಗು ಮುರಿದುಹೋಗುತ್ತದೆ. ಅದಕ್ಕೇ ಗುಡದಪ್ಪನೆಂಬ ಮೇಸ್ತ್ರಿ ಭಾದ್ರಪದದ ಹೊತ್ತಿಗೆ ಟೆಂಪೊ ತಂದು ಹಳ್ಳಿಹಳ್ಳಿಯ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತಿದ್ದ.

ಮೈಲವ್ವ ಸಾಲಿಗೆ ಬಂದಳು. ಪಾಟಿಯ ಮೇಲೆ ಅಕ್ಷರ ತಿದ್ದುವಾಗ ಅವಳ ಕಣ್ಣು ಮಾತ್ರ ಹೊಸ ಕೋಣೆಯ ಮೂಲೆಯಲ್ಲಿದ್ದ ಪೆಟ್ಟಿಗೆಯ ಮೇಲಿರುತ್ತಿತ್ತು. 'ಇವತ್ತೇನ್ರಿ ಅಕ್ಕೋರ?' ಎಂದು ದಿನಾ ಕೇಳುವಳು. ಮಾಸ್ತರನ್ನು ಕೇಳಿದೆ, ಬೇಡಿಕೊಂಡೆ. 'ಸಾಹೇಬ್ರ ವಿಜಿಟ್ ಒಂದು ಆಗಲಿ' ಅಂದರು.

ಜುಲೈಯಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಮಕ್ಕಳನ್ನೆಲ್ಲ ಹೊರಗೆ ಬೇವಿನ ಗಿಡದ ಕೆಳಗೆ ಕೂಡಿಸಿ, ಒಳಗೆ ಮೇಜಿನ ಮೇಲೆ ಸಾಮಾನು ಜೋಡಿಸಿ ಯಾದಿಗೆ ಹೊಂದಿಸಿ ನೋಡಿದೆವು. ಎಲ್ಲಾ ಹೊಚ್ಚ ಹೊಸದು.

'ಶಾಬಾಸ್' ಅಂದರು ಸಾಹೇಬರು. 'ಎಷ್ಟು ಛಲೋ ಇಟ್ಟೀರಿ! ಬ್ಯಾರೆ ಸಾಲ್ಯಾಗ ಆಗಲೇ ಮುರಕಾ ಚುರಕಾ ಮಾಡ್ಯಾರ. ಆದರ ಇಲಿ ತಿಂದ್ವು, ಗೆದ್ದಲ ಹತ್ತಿತು ಅಂತ ಆಮ್ಯಾಲ ಕತಿ ಹೇಳಬ್ಯಾಡ್ರಿ ಮಾಸ್ತರ. ಜವಾಬ್ದಾರಿ ನಿಮ್ಮದ.'

ಪಾಠ ಹೇಗೆ ನಡೆದಿದೆ ಎಂದು ಕೇಳಲಿಲ್ಲ. ನಾನು ಬಾಯಿ ತೆರೆದೆ, ಮಾಸ್ತರು ನನ್ನ ಕಡೆ ನೋಡಿದರು, ಮುಚ್ಚಿದೆ. ಆಗ ಕಿಡಕಿಯಲ್ಲಿ ಎರಡು ಕಣ್ಣು ಕಂಡವು. ಮೈಲವ್ವ ಕಲ್ಲಿನ ಮೇಲೆ ಕಲ್ಲಿಟ್ಟು ಹತ್ತಿ ನಿಂತಿದ್ದಳು. ಮಾಸ್ತರು ಗದರಿಸಿದರು, ಅವಳು ದೊಪ್ಪನೆ ಬಿದ್ದು ಓಡಿದಳು.

ಸಂಜೆ ಮೊಣಕಾಲಿನ ಗಾಯಕ್ಕೆ ಮೆತ್ತಿದ ಮಣ್ಣನ್ನು ನಾನು ಒರೆಸುತ್ತಿದ್ದರೆ ಅವಳು ಗಾಯ ನೋಡಲೇ ಇಲ್ಲ. 'ನೀಲಿ ಐತಿ, ಅಲ್ರೀ? ಗುಂಡು. ಪೂರಾ ನೀಲಿ!'

'ಹೌದ.'

'ಅದೆಲ್ಲಾ ನೀರೇನ್ರಿ? ಅಷ್ಟ ನೀರಿದ್ರ ನಮ್ಮವ್ವ ಯಾಕ ಅಷ್ಟು ದೂರ ಕೊಡ ಹೊತಗೊಂಡ ಹೋಗ್ತಾಳ?'

ಸಮುದ್ರದ ನೀರು ಉಪ್ಪು ಎಂದು ಹೇಳಿದೆ. ಅವಳು ನಂಬಲಿಲ್ಲ. 'ಹೋಗ್ರೀ ಅಕ್ಕೋರ. ಅಷ್ಟೂ ನೀರಿಗೆ ಉಪ್ಪು ಹಾಕಿದವರ್ಯಾರು?' ಅವತ್ತಿನ ಪಾಠ ಅದೊಂದೇ. ಆ ವರ್ಷ ನಾನು ಖರೇ ಕಲಿಸಿದ್ದೂ ಅದೊಂದೇ ಇರಬೇಕು.

ಸಾಹೇಬರ ಮಾತು ಕೇಳಿದ ಮೇಲೆ ಮಾಸ್ತರರಿಗೆ ಇಲಿ ಗೆದ್ದಲಿನದೇ ಚಿಂತೆಯಾಯಿತು. ನಮ್ಮ ಕಡೆ ಕಾಳಿನ ಡಬ್ಬಿಯಲ್ಲಿ ಹುಳ ಬೀಳಬಾರದೆಂದು ನಾಲ್ಕು ಒಣ ಮೆಣಸಿನಕಾಯಿ ಹಾಕಿಡುವುದು ಎಲ್ಲ ಮನೆಯ ರೂಢಿ. ಮಾಸ್ತರು ತಮ್ಮ ಹೊಲದ ಬ್ಯಾಡಗಿ ಮೆಣಸಿನಕಾಯಿ ಒಂದು ಚೀಲ ತಂದು, ಸಾಮಾನಿನ ಸಂದಿಯಲ್ಲೆಲ್ಲ ತುಂಬಿ, ಗ್ಲೋಬಿನ ಸುತ್ತ ಹುಲ್ಲು ತೆಗೆದು ಅಲ್ಲೂ ಒತ್ತೊತ್ತಾಗಿ ಮೆಣಸಿನಕಾಯಿಯನ್ನೇ ಇಟ್ಟರು. ಸೀನುತ್ತ ಸೀನುತ್ತ ಕೀಲಿ ಹಾಕಿದರು. 'ಇನ್ನ ಯಾ ಇಲಿ ಬರತೈತಿ ಬರಲಿ' ಅಂದರು.

ಶ್ರಾವಣದಲ್ಲಿ ಒಂದು ದಿನ ಅವರು ಪೆನ್ಶನ್ನಿನ ಕಾಗದಕ್ಕೆಂದು ಧಾರವಾಡಕ್ಕೆ ಹೋಗಬೇಕಾಯಿತು. ಸಾಲಿಯ ಕೀಲಿಗಳ ಗೊಂಚಲು ನನ್ನ ಕೈಗೆ ಕೊಟ್ಟರು. ಪೆಟ್ಟಿಗೆಯ ಕೀಲಿಯನ್ನೂ ಕೊರಳಿಂದ ಬಿಚ್ಚಿ ಅದರಲ್ಲೇ ಸೇರಿಸಿದರು. 'ಬಸ್ಸಿನ ಗದ್ದಲದಾಗ ಕಳದ್ರ ಮುಗೀತು. ನಿಮ್ಮ ಮ್ಯಾಲ ಭರೋಸ ಐತಿ.'

ಬಾಗಿಲು ತೆರೆಯುವಾಗಲೇ ಮೈಲವ್ವ ಗೊಂಚಲು ನೋಡಿದಳು. ಬಂದು ಪೆಟ್ಟಿಗೆಯ ಪಕ್ಕ ಕೂತಳು.

ನಾನು ಮೊಣಕಾಲೂರಿ ಕೀಲಿ ತೂರಿಸಿದೆ. ಅರ್ಧ ತಿರುವಿದ್ದೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಗುಂಡು ಕೆಳಗೆ ಬಿದ್ದರೆ? ಕಬ್ಬಿಣದ ಸ್ಟ್ಯಾಂಡಿನಿಂದ ಕಳಚಿದರೆ? ಮನೆಯಲ್ಲಿ ನನ್ನ ಪಗಾರ ನೋಡುತ್ತ ಕೂತ ತಂದೆಯ ಮುಖ ಬಂತು. ಏಳು ವರ್ಷ ಅಲೆದ ಮಾಸ್ತರ ಸವೆದ ಚಪ್ಪಲಿ ಬಂತು. ಕೀಲಿ ಹೊರಗೆ ತೆಗೆದೆ.

'ನಾಡದು, ಮೈಲಿ' ಅಂದೆ. 'ಮಾಸ್ತರ ಬರಲಿ, ನಾಡದು ಖರೇನ ತೋರಸ್ತೀನಿ.'

ಅಂದ ಮೇಲೆ ಆ ಮಾತು ಯಾರದೆಂದು ನನಗೇ ಕೇಳಿಸಿತು. ಸೀರೆಯ ಸೆರಗಿನಡಿ ನನ್ನ ಕೈ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ.

ಮಾಸ್ತರು ಬಂದರು, ಕೀಲಿ ಮತ್ತೆ ಅವರ ಕೊರಳಿಗೆ ಹೋಯಿತು. ಮುಂದಿನ ತಿಂಗಳು ಮಳೆ ಎಡೆಬಿಡದೆ ಹಿಡಿಯಿತು. ಹಳೆಯ ಹಂಚಿನ ಕೋಣೆ ಸೋರಲಿಲ್ಲ. ಹೊಸ ಯೋಜನೆಯ ಸಿಮೆಂಟಿನ ಕೋಣೆ ಮೂಲೆಮೂಲೆಯಲ್ಲಿ ಸೋರಿತು. ನಾವು ಮಕ್ಕಳನ್ನು ಹಳೆಯ ಕೋಣೆಗೆ ತಂದೆವು. ಪೆಟ್ಟಿಗೆಗೆ ಮಾಸ್ತರು ಒಂದು ಗೋಣಿತಾಟು ಹೊದಿಸಿದರು.

ಪ್ರತಿ ಸೋಮವಾರ ನಾನು ಮಕ್ಕಳ ಉಗುರು ನೋಡಿ ಕತ್ತರಿಸುತ್ತಿದ್ದೆ. ಸೆಪ್ಟೆಂಬರಿನ ಎರಡನೆಯ ಸೋಮವಾರ ಮೈಲವ್ವ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿದಳು. ಬಿಡಿಸಿ ನೋಡಿದರೆ ಉಗುರು ಉದ್ದ ಬೆಳೆದಿತ್ತು, ತುದಿ ಚೂಪಾಗಿತ್ತು.

'ಇದೊಂದ ಬಿಡ್ರಿ ಅಕ್ಕೋರ.'

'ಹೊಲಸ ಸೇರ್ತದ, ಹುಚ್ಚಿ.'

'ಬಿಡ್ರಿ. ಬೇಕು.'

ಯಾಕೆ ಬೇಕೆಂದು ನಾನು ಕೇಳಲಿಲ್ಲ. ಹುಡುಗಿಯರ ಶೋಕಿ ಇರಬೇಕೆಂದುಕೊಂಡೆ. ಗುರುವಾರ ಅವಳ ಜಾಗ ಖಾಲಿ ಇತ್ತು. ಮೊಗ್ಗು ಸುಲಿಯಲು ಉಗುರು ಬೇಕು ಎಂಬುದು ಆಗ ಹೊಳೆಯಿತು.

ಫಕ್ಕೀರವ್ವನ ಮನೆಗೆ ಓಡಿದೆ. ಅವಳು ಜಗಳವಾಡಲಿಲ್ಲ. 'ಭಾಳ ದಿನ ಕಾದಳ್ರಿ. ಟೆಂಪೊ ಹತ್ತೂ ಮುಂದ ಸುದ್ದಾ, ಅಕ್ಕೋರ ಇವತ್ತ ತೋರಸ್ತಾರೇನ ತಡಿ ಅಂದ್ಲು. ನಿಮ್ಮ ಸಾಲಿ ಹಿಡೀಲಿಲ್ಲಲ್ರಿ' ಅಂದಳು, ಅಷ್ಟೇ.

ಸಾಲಿಗೆ ಬಂದು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬರೆಯಹೋದರೆ ಮಾಸ್ತರು ತಡೆದರು. 'ಒಂದ ಹೆಸರೂ ಬಿಡಬಾರದು ಅಂತ ಹುಕುಂ ಐತ್ರಿ. ಹಾಜರಿ ಹಾಕ್ರಿ.' ಹಾಕಿದೆ. ಹೀಗೆ ರಾಣಿಬೆನ್ನೂರಿನ ಹೊಲದಲ್ಲಿದ್ದ ಮೈಲವ್ವ ನಮ್ಮ ಸಾಲಿಯಲ್ಲಿ ಒಂದು ದಿನವೂ ತಪ್ಪದೆ ಹಾಜರಿದ್ದಳು.

ಅಕ್ಟೋಬರಿನ ಕಡೆಯ ದಿನ ಮಾಸ್ತರು ಚಾರ್ಜು ಕೊಟ್ಟರು. ಹೊಸ ಹೆಡ್‌ಮಾಸ್ತರು ಯಾರೂ ಬಂದಿರದ ಕಾರಣ ತೆಗೆದುಕೊಳ್ಳುವವಳು ನಾನೇ. ಅವರು ಹೊಸ ಧೋತರ ಉಟ್ಟು ಬಂದಿದ್ದರು. ಕೊರಳಿನ ಕೀಲಿ ಬಿಚ್ಚಿ ಪೆಟ್ಟಿಗೆ ತೆರೆದರು.

ಮೊದಲು ಘಾಟು ಬಂತು, ಆಮೇಲೆ ಕೊಳೆತ ವಾಸನೆ. ತುಕ್ಕು ಹಿಡಿದ ಮುಚ್ಚಳದ ಸಂದಿಯಿಂದ ಇಳಿದ ನೀರು ತಳದಲ್ಲಿ ನಿಂತಿತ್ತು. ಮೆಣಸಿನಕಾಯಿ ನೆನೆದು, ಕೊಳೆತು, ಬಣ್ಣ ಬಿಟ್ಟಿದ್ದವು. ಢೋಲಕಿನ ಚರ್ಮ ಬಿರಿದಿತ್ತು. ನಕಾಶೆಗಳು ಒಂದಕ್ಕೊಂದು ಅಂಟಿದ್ದವು. ಗ್ಲೋಬನ್ನು ಎರಡೂ ಕೈಯಿಂದ ಎತ್ತಿದೆ. ರಟ್ಟು ಉಬ್ಬಿತ್ತು. ಏಳು ಸಮುದ್ರವೂ ಕೆಂಪಾಗಿದ್ದವು.

ಮಾಸ್ತರು ಕೊಳೆತ ಮೆಣಸಿನಕಾಯಿ ಒಂದೊಂದೇ ಎತ್ತಿ ಹೊರಗಿಟ್ಟರು. 'ಇಲಿ ಒಂದೂ ಮುಟ್ಟಿಲ್ಲ ನೋಡ್ರಿ' ಅಂದರು. ನಗಲು ನೋಡಿದರು, ಆಗಲಿಲ್ಲ. ಅಲ್ಲಿಯವರೆಗೆ ನನ್ನನ್ನು ಬಾಯಾರ ಎಂದೇ ಕರೆದವರು, 'ತಂಗೀ, ನೀ ಏನ ಬರದರೂ ನಾ ಇಲ್ಲನ್ನೂದಿಲ್ಲವಾ' ಅಂದರು.

ಯಾದಿಯ ಕೆಳಗೆ 'ಎಲ್ಲ ಸಾಮಾನು ಸುಸ್ಥಿತಿಯಲ್ಲಿ ಮುಟ್ಟಿವೆ' ಎಂದು ಬರೆದು ಸಹಿ ಮಾಡಿದೆ. ಒಟ್ಟು ಮೂವತ್ತೆರಡು ವರ್ಷ ಕಲಿಸಿದ ಮನುಷ್ಯನನ್ನು ಮೆಣಸಿನಕಾಯಿಗೆ ಹಿಡಿದುಕೊಡಲು ನನ್ನಿಂದಾಗಲಿಲ್ಲ. ಅವರು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಮಕ್ಕಳು ತಂದ ಹಾರವನ್ನು ಅಲ್ಲೇ ಬಿಟ್ಟು, ಬ್ಯಾಡಗಿಯ ದಾರಿ ಹಿಡಿದರು.

ಮನೆಗೆ ಬಂದು ಅಜ್ಜಿಯನ್ನು ಕೇಳಿದೆ. 'ಹಾವಿಗೆ ಮತ್ತ ಕೈ ಬರ್ತಾವೇನಜ್ಜಿ?'

ಅಜ್ಜಿ ಬತ್ತಿ ಹೊಸೆಯುತ್ತಲೇ ಇದ್ದಳು. 'ಗೊತ್ತಿಲ್ಲವಾ. ಆ ಹುಡುಗಿ ಇನ್ನೂ ಅಲ್ಲೇ ಇದ್ರ ಏನಾರ ಬರ್ತಿದ್ವೋ ಏನೋ.'

ಮುಂದಿನ ರವಿವಾರ ಗ್ಲೋಬನ್ನು ಹಳೆ ಸೀರೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಹಾವೇರಿಯಿಂದ ಮುಂಜಾನೆಯ ಗಾಡಿಗೆ ಹೊರಟೆ. ಬ್ಯಾಡಗಿ ಬಂತು, ಅಲ್ಲಿ ಇಳಿಯದೆ ಕೂತೇ ಇರುವುದು ಕಳ್ಳತನದಂತೆ ಅನಿಸಿತು. ಸರಕಾರದ ಸಾಮಾನು ಸಾಲಿಯ ಹೊರಗೆ ಒಯ್ಯುತ್ತಿದ್ದವಳು ಖರೇನೂ ಕಳ್ಳಿಯೇ. ರಾಣಿಬೆನ್ನೂರಿನಲ್ಲಿ ಇಳಿದು, ಗುಡದಪ್ಪನ ಹುಡುಗಿಯರು ಯಾವ ಹೊಲದಲ್ಲಿದ್ದಾರೆಂದು ಕೇಳುತ್ತ ಎರಡು ಮೈಲು ನಡೆದೆ.

ಹೊಲದ ತುಂಬ ಎದೆಯೆತ್ತರದ ಹತ್ತಿ. ಕೊಂಬೆಕೊಂಬೆಗೂ ಕೆಂಪು ಚೀಟಿ. ಗಿಡಗಳ ನಡುವೆ ಬರೀ ತಲೆಗಳು ಕಾಣುತ್ತಿದ್ದವು, ಮೂವತ್ತು ನಲವತ್ತು ಸಣ್ಣ ತಲೆಗಳು. ಅಷ್ಟು ಹುಡುಗಿಯರನ್ನು ಒಂದೇ ಕಡೆ, ಅಷ್ಟು ಸಾಲುಸಾಲಾಗಿ, ನಾನು ಯಾವ ಸಾಲಿಯಲ್ಲೂ ಕಂಡಿರಲಿಲ್ಲ.

ಬದುವಿನ ಮೇಲೆ ಬೀಡಿ ಸೇದುತ್ತಿದ್ದ ಗುಡದಪ್ಪ ಎದ್ದು ನಿಂತ. 'ಏನ್ರಿ ಅಕ್ಕೋರ, ಇಲ್ಲೀತನಕಾ ಹಾಜರಿ ತಗೋಳಾಕ ಬಂದ್ರೇನು?'

'ಮೈಲವ್ವನ್ನ ಒಂದು ಗಳಿಗಿ ಕರೀರಿ.'

'ಒಂದ ಗಳಿಗಿ ಅಂದ್ರ ಒಂದ ಗಳಿಗಿ. ಬಿಸಲ ಏರೂದ್ರಾಗ ಹುಡಿ ಸವರೂದು ಮುಗೀಬೇಕು.'

ಮೈಲವ್ವ ಬದುವಿಗೆ ಬಂದಳು. ಎರಡು ತಿಂಗಳಲ್ಲಿ ಕಪ್ಪಾಗಿದ್ದಳು. ಬೆರಳುಗಳಿಗೆಲ್ಲ ಹಳದಿ ಹುಡಿ ಮೆತ್ತಿತ್ತು. ನನ್ನನ್ನು ನೋಡಿ ನಗಲಿಲ್ಲ, ಚೀಲವನ್ನು ನೋಡಿದಳು. ನಾನು ಸೀರೆ ಬಿಚ್ಚಿ ಗ್ಲೋಬನ್ನು ಹೊರಗೆ ತೆಗೆದೆ.

ಅವಳು ಸುತ್ತಲೂ ಬಾಗಿ ನೋಡಿದಳು, ಹಿಂದೆ ಬೇರೆ ಬಣ್ಣವಿದೆಯೋ ಎನ್ನುವಂತೆ.

'ಅವತ್ತ ನೀಲಿ ಇತ್ತಲ್ರಿ, ಅಕ್ಕೋರ?'

ಸುಳ್ಳು ಹೇಳಬಹುದಿತ್ತು. ದಿನಾ ಹಾಜರಿಯಲ್ಲಿ ಹೇಳುತ್ತಿದ್ದೆ.

'ಇತ್ತು. ಕೀಲಿ ಹಾಕಿಟ್ಟು ಕೆಡಿಸಿದಿವಿ. ಸಮುದ್ರ ನೀಲೀನ ಅವ, ಮೈಲಿ. ನೀ ಕಂಡದ್ದು ಖರೆ.'

ಅವಳು ತಲೆಯಾಡಿಸಿದಳು. 'ಘಾಟ ಬರಾಕತ್ತೈತಿ' ಅಂದಳು. 'ನಮ್ಮೂರ ಎಲ್ಲೈತ್ರಿ?'

ಉಬ್ಬಿದ ಕೆಂಪಿನಲ್ಲಿ ನನಗೂ ಗುರುತು ಸಿಗಲಿಲ್ಲ. ಅಂದಾಜಿನ ಮೇಲೆ ಒಂದು ಜಾಗ ತೋರಿಸಿದೆ. ಅವಳು ಅಲ್ಲಿ ಹೆಬ್ಬೆರಳು ಒತ್ತಿದಳು. ಎತ್ತಿದಾಗ ಹಳದಿ ಚುಕ್ಕೆಯೊಂದು ಉಳಿದಿತ್ತು.

'ಏ ಮೈಲೀ! ಹೂವು ಬಾಡ್ತಾವ!' ಗುಡದಪ್ಪ ಕೂಗಿದ.

'ಬಂದ್ನಿ!' ಎಂದು ಕೂಗಿ, ಅವಳು ನನ್ನ ಕಡೆ ತಿರುಗಿದಳು. 'ಕೈಯಾಗ ಕೊಡ್ತೇನಿ ಅಂದಿದ್ರಿ.'

ಕೊಟ್ಟೆ. ಎಡಗೈಯಲ್ಲಿ ಸ್ಟ್ಯಾಂಡು ಹಿಡಿದು, ಬಲಗೈ ಹೆಬ್ಬೆರಳಿನ ಆ ಉದ್ದ ಉಗುರಿನಿಂದ, ಮೊಗ್ಗು ಸುಲಿಯುವಷ್ಟೇ ಮೆಲ್ಲಗೆ, ಅವಳು ಭೂಮಿಯನ್ನು ತಳ್ಳಿದಳು. ಉಬ್ಬಿದ ರಟ್ಟು ಕಿರ್ರೆಂದು ಕಬ್ಬಿಣಕ್ಕೆ ಉಜ್ಜುತ್ತ ಹೊರಟಿತು. ಹಳದಿ ಚುಕ್ಕೆ ಆಚೆ ಹೋಗಿ, ಮರೆಯಾಗಿ, ತಡೆದು ತಡೆದು ಮತ್ತೆ ಈಚೆ ಬಂದು ನಿಂತಿತು.

'ಆತ್ರಿ' ಅಂದಳು. ಗ್ಲೋಬನ್ನು ನನ್ನ ಕೈಗಿಟ್ಟು, ಹತ್ತಿ ಗಿಡಗಳ ಸಾಲಿನೊಳಗೆ ಇಳಿದಳು.